ನಾಲ್ಕು ಗಾಲಿ, ಲೆಕ್ಕಕ್ಕೆ ಮೂರೇ

ಕಲಬುರಗಿಯ ಒಂದು ದಾಲ್ ಮಿಲ್ಲಿನಲ್ಲಿ ತೊಗರಿ ಆವಕ ಶುರುವಾಗುವ ಮುಂಚೆ ಕಾಳಿನ ಸಿಪ್ಪೆ ಉಜ್ಜಿ ತೆಗೆಯುವ ಎಮರಿ ರೋಲ್ ಮಷಿನ್ನನ್ನು ಹಳೇ ಶೆಡ್ಡಿನಿಂದ ಹೊಸದಕ್ಕೆ ಒಯ್ಯಬೇಕಿತ್ತು. ಮಷಿನ್ 900 ಕೆ.ಜಿ., ಅದನ್ನು ಇಟ್ಟು ಸರಿಸುವ ಕಬ್ಬಿಣದ ಡಾಲಿ, ಅಂದರೆ ಗಾಲಿ ಹಾಕುವ ಚೌಕಟ್ಟು, 60. ಮಾಲೀಕರು ತರಿಸಿಟ್ಟ ಗಾಲಿಗಳು ತಲಾ 250 ಕೆ.ಜಿ. ತಾಕತ್ತಿನವು. ‘ನಾಲ್ಕಕ್ಕೆ ಸಾವಿರ ಆತಲ್ರೀ’ ಎಂದರು. ಆಗಲಿಲ್ಲ. ನೆಲದ ಒಂದು ತಗ್ಗಿಗೆ ಒಂದು ಗಾಲಿ ಬಂದರೆ ಅದರ ಪಾಲಿನ ಭಾರ ಉಳಿದವುಗಳ ಮೇಲೆ ಬೀಳುತ್ತದೆ. ಆದ್ದರಿಂದ 960ನ್ನು ಮೂರರಿಂದಲೇ ಭಾಗಿಸಬೇಕು: ತಲಾ 320. ಗಾಲಿ ವಾಪಸು ಕೊಟ್ಟು 400 ಕೆ.ಜಿ.ಯವು ಬಂದವು.

ಗಾಲಿಯ ಅಳತೆಯೂ ಬದಲಾಯಿತು. ಇಲ್ಲಿ ನೆಲವೆಂದರೆ ಶಹಾಬಾದ್ ಫರಸಿ. ಕಲ್ಲು ನುಣುಪೇ, ಆದರೆ ಸಂದಿಯ ಸಿಮೆಂಟ್ ಎದ್ದುಹೋಗಿರುತ್ತದೆ. 75 ಮಿ.ಮೀ. ವ್ಯಾಸದ ಗಾಲಿ ಅಲ್ಲಿ ಕಚ್ಚಿಕೊಂಡು ತಟ್ಟನೆ ನಿಲ್ಲುತ್ತದೆ. ಮೇಲಿನ ಮಷಿನ್ ನಿಲ್ಲುವುದಿಲ್ಲ, ಮುಂದಕ್ಕೆ ವಾಲುತ್ತದೆ. 150 ಮಿ.ಮೀ. ಪಾಲಿಯುರೆಥೇನ್ (ರಬ್ಬರಿನಂಥ ಗಟ್ಟಿ ಪ್ಲಾಸ್ಟಿಕ್) ಗಾಲಿ ಸಂದಿ ದಾಟುತ್ತದೆ, ಕಲ್ಲಿನ ಅಂಚನ್ನೂ ಒಡೆಯುವುದಿಲ್ಲ. ಹೆಚ್ಚು ಕೆಟ್ಟ ಕಡೆ 6 ಮಿ.ಮೀ. ಕಬ್ಬಿಣದ ಹಾಳೆ ಹಾಸಿದೆವು.

ಗಾಲಿಯ ಪ್ಲೇಟನ್ನು ಡಾಲಿಗೆ ವೆಲ್ಡ್ ಮಾಡಿಬಿಡೋಣ ಎಂದು ಯಾರಾದರೂ ಅಂದೇ ಅನ್ನುತ್ತಾರೆ. ಬೇಡ. ಆ ಕಾವಿಗೆ ಒಳಗಿನ ಗ್ರೀಸ್ ಸುಟ್ಟು ಗುಂಡುಗಳ ಹಾದಿ ಕೆಡುತ್ತದೆ, ಗಾಲಿ ತಿರುಗದೆ ಬಿಗಿಯುತ್ತದೆ. ಪ್ಲೇಟಿಗೆ ನಾಲ್ಕು ಬೋಲ್ಟ್, ವಾಷರ್, ನೈಲಾಕ್ ನಟ್ (ಒಳಗೆ ನೈಲಾನ್ ಬಳೆಯಿದ್ದು ಬೇಗ ಸಡಿಲಾಗದ್ದು). ಹಿಂದೆ ಎರಡು ನೇರ ಗಾಲಿ, ಮುಂದೆ ಎರಡು ತಿರುಗುವಂಥವು, ಬ್ರೇಕ್ ಸಹಿತ. ನಾಲ್ಕೂ ತಿರುಗುವಂಥವಾದರೆ ಡಾಲಿ ಅಡ್ಡಡ್ಡ ಹೋಗುತ್ತದೆ, ಹಿಡಿತಕ್ಕೆ ಸಿಗುವುದಿಲ್ಲ.

ಎತ್ತುವ ಮುಂಚೆ ಬೆಲ್ಟು, ಮೋಟರ್ ಕಳಚಿದೆವು. ಮೋಟರ್ ಇದ್ದರೆ ಆ ಮಗ್ಗುಲು ಭಾರವಾಗಿ ಮಷಿನ್ ಓಲುತ್ತದೆ. ಟೋ ಜಾಕ್‌ನಿಂದ (ನೆಲದ ಹತ್ತಿರದ ತುಟಿಯಿಂದ ಎತ್ತುವ ಜಾಕ್) ಒಂದು ಬದಿಯನ್ನು ಒಂದಿಂಚು ಎತ್ತುವುದು, ಮರದ ತುಂಡು ಕೊಡುವುದು, ಮತ್ತೆ ಒಂದಿಂಚು. ತುಂಡನ್ನು ಕೋಲಿನಿಂದ ತಳ್ಳಬೇಕೇ ಹೊರತು ಕೈ ಒಳಗೆ ಹೋಗಬಾರದು. ಹಮಾಲರಿಗೆ ಇದು ನಿಧಾನ ಅನ್ನಿಸುತ್ತದೆ, ‘ಹಿಂಗ್ ಆದ್ರ ಸಂಜಿ ಆಗ್ತದ’ ಎನ್ನುತ್ತಾರೆ. ಆಗಲಿ.

ಕಾಲಿಗೆ ಪೆಟ್ಟು ಬೀಳುವುದು ಹೆಚ್ಚಾಗಿ ಹಿಂದಕ್ಕೆ ಸರಿಸುವಾಗ. ತಿರುಗುವ ಗಾಲಿ ದಿಕ್ಕು ಬದಲಿಸಲು ಅರ್ಧ ಸುತ್ತು ಹಾಕುತ್ತದೆ, ಆ ಕ್ಷಣ ಡಾಲಿಯ ಮೂತಿ ಪಕ್ಕಕ್ಕೆ ಜಾರುತ್ತದೆ. ‘ಯಣ್ಣಾ, ಕಾಲ್ ಹಿಂದ್ ತಗೀರಿ’ ಎಂಬ ಕೂಗು ಆ ಕ್ಷಣಕ್ಕೆ ಮೊದಲೇ ಬರಬೇಕು. ಕೂಗುವವನು ಒಬ್ಬನೇ ಇರಲಿ.

ಹೊಸ ಶೆಡ್ಡಿನ ಬಾಗಿಲಲ್ಲಿ 12 ಅಡಿಗೆ 1 ಅಡಿ ಏರುವ ಇಳಿಜಾರು. ಅಲ್ಲಿ 960 ಕೆ.ಜಿ. ಕೆಳಕ್ಕೆ ಎಳೆಯುವ ಬಲ ಸುಮಾರು 80 ಕೆ.ಜಿ.ಯಷ್ಟು, ಜಾರಲು ಶುರುವಾದರೆ ಮೈಬಲದಿಂದ ತಡೆಯಲಾಗದು. ಮೇಲಿನ ಕಂಬಕ್ಕೆ ಚೈನ್ ಪುಲ್ಲಿ (ಸರಪಳಿ ರಾಟೆ) ಕಟ್ಟಿ ಎಳೆದೆವು. ಕೆಳಮಗ್ಗುಲಲ್ಲಿ ಯಾರೂ ಇಲ್ಲ, ಗಾಲಿಯ ಹಿಂದೆ ಕಟ್ಟಿಗೆಯ ಆಪು ಮಾತ್ರ, ಅದಕ್ಕೂ ಉದ್ದ ಹಿಡಿಕೆ.

ಅರ್ಧ ದಾರಿಯಲ್ಲಿ ಒಂದು ಗಾಲಿ ಕಿರುಗುಟ್ಟಿತು. ಗೋಣಿಚೀಲದ ಸುತಲಿ ಅಚ್ಚಿಗೆ ಸುತ್ತಿಕೊಂಡು ತೊಗರಿ ಹೊಟ್ಟಿನ ಜೊತೆ ಗಟ್ಟಿಯಾಗಿತ್ತು. ದಾಲ್ ಮಿಲ್ಲುಗಳಲ್ಲಿ ಇದು ಮಾಮೂಲು. ಮೊದಲು ದಾರಿ ಗುಡಿಸಿದರೆ ಅರ್ಧ ತಪ್ಪುತ್ತದೆ. ಬ್ರೇಕ್ ಹಾಕಿ, ಆಪು ಕೊಟ್ಟು, ಆ ಮೂಲೆಯನ್ನು ಜಾಕ್‌ನಿಂದ ಎತ್ತಿ ತುಂಡು ಕೊಟ್ಟಮೇಲೇ ಸುತಲಿಯನ್ನು ಕತ್ತರಿಸಿ ತೆಗೆದದ್ದು. ಮಷಿನ್ ಇಳಿಸಿದ ಮೇಲೆ ಸ್ಪಾನರ್ ಹಾಕಿ ನೋಡಿದರೆ ಗಾಲಿ ಪ್ಲೇಟಿನ ಎರಡು ನಟ್ಟು ಇನ್ನೂ ಕಾಲು ಸುತ್ತು ಬಿಗಿಯಾದವು.