ಐಡಿಯಾ ಕೊಡಬೇಡ, ನನ್ನನ್ನೇ ಪ್ರಶ್ನೆ ಕೇಳು ಅಂದೆ

2025ರ ಜುಲೈ. ಪುನರ್ವಸು ಮಳೆ ಹಿಡಿದಿತ್ತು, ಸಾಗರದಲ್ಲಿ ಮೂರು ದಿನದಿಂದ ಒಂದು ಗಳಿಗೆ ಬಿಡುವು ಕೊಟ್ಟಿರಲಿಲ್ಲ. ಅಂಗಡಿ ಶಟರ್ ಅರ್ಧ ಇಳಿಸಿ ಒಳಗೆ ಕೂತಿದ್ದೆ. ನಂದು ಜೆರಾಕ್ಸ್, ಡಿಟಿಪಿ ಅಂಗಡಿ, 2009ರಲ್ಲಿ ಶುರು ಮಾಡಿದ್ದು. ಆವಾಗೆಲ್ಲ ಮದುವೆ ಸೀಸನ್ ಬಂತು ಅಂದ್ರೆ ನುಡಿ ಸಾಫ್ಟ್‌ವೇರಲ್ಲಿ ಲಗ್ನಪತ್ರಿಕೆ ಟೈಪ್ ಮಾಡಿ ಮಾಡಿ ಬೆರಳು ನೋವು ಬರ್ತಿತ್ತು, ಈಗ ವಾಟ್ಸಾಪಲ್ಲಿ ವಿಡಿಯೋ ಕಳಿಸ್ತಾರೆ, ಕಾರ್ಡ್ ಮಾಡಿಸೋರೂ ಹತ್ತಿರದ ನೆಂಟರಿಗೆ ಅಂತ ನೂರು, ನೂರೈವತ್ತು ಮಾಡಿಸಿದ್ರೆ ಹೆಚ್ಚು. ಪಹಣಿ ಮೊಬೈಲಲ್ಲೇ ನೋಡ್ಕೋತಾರೆ, ಅರ್ಜಿ ಎಲ್ಲ ಆನ್‌ಲೈನು. ಆ ದಿನ ಸಂಜೆ ಐದರವರೆಗೆ ಗಲ್ಲಾಪೆಟ್ಟಿಗೆಗೆ ಬಂದಿದ್ದು 340 ರೂಪಾಯಿ. ಅಂಗಡಿ ಬಾಡಿಗೆ, ಕರೆಂಟ್ ಬಿಲ್ಲು, ಟೋನರ್ರು, ಮಗಳ ಪಿಯುಸಿ ಫೀಸು ಎಲ್ಲ ಒಟ್ಟಿಗೇ ತಲೇಲಿ ತಿರುಗ್ತಾ ಇತ್ತು.

ಹಿಂದಿನ ವಾರ ಮಗಳೇ ನನ್ನ ಮೊಬೈಲಿಗೆ ಎಐ ಚಾಟ್‌ಬಾಟ್ ಹಾಕಿಕೊಟ್ಟಿದ್ಲು, ಅಪ್ಪ ನೀವು ಟೈಪ್ ಮಾಡೋದೂ ಬೇಡ, ಕನ್ನಡದಲ್ಲೇ ಮಾತಾಡಿ ಅದಕ್ಕೆ ಅರ್ಥ ಆಗತ್ತೆ ಅಂತ. ಸರಿ, ಇವತ್ತು ಕೇಳೇ ಬಿಡೋಣ ಅಂತ ಮೈಕ್ ಒತ್ತಿ ಕೇಳಿದೆ. ನನಗೆ 41 ವರ್ಷ, ಮಲೆನಾಡಿನ ತಾಲ್ಲೂಕು ಊರು, ಕೈಯಲ್ಲಿ ಎರಡು ಲಕ್ಷ ಇದೆ, ಹೊಸ ಬಿಸಿನೆಸ್ ಏನು ಮಾಡಬಹುದು.

ನಾಲ್ಕೇ ಸೆಕೆಂಡಲ್ಲಿ ಹತ್ತು ಐಡಿಯಾ ಬಂತು. ಕ್ಲೌಡ್ ಕಿಚನ್ (ಹೋಟೆಲ್ ಇಲ್ಲದೆ ಅಡುಗೆ ಮಾಡಿ ಮನೆಮನೆಗೆ ಕಳಿಸೋದು), ಹೋಮ್‌ಸ್ಟೇ, ಡಿಜಿಟಲ್ ಮಾರ್ಕೆಟಿಂಗ್ ಏಜೆನ್ಸಿ, ಸಾವಯವ ತರಕಾರಿ ಮನೆಗೆ ತಲುಪಿಸೋದು, ಯೂಟ್ಯೂಬ್ ಚಾನೆಲ್, ಹೀಗೆ. ಓದ್ತಾ ಓದ್ತಾ ಖುಷಿ ಆಗಿದ್ದು ನಿಜ, ಯಾಕಂದ್ರೆ ಎರಡು ವರ್ಷದಿಂದ ಈ ವಿಷಯ ಯಾರ ಹತ್ರ ಎತ್ತಿದ್ರೂ ‘ಈಗ ಏನು ಮಾಡಿದ್ರೂ ಕಷ್ಟ ಮಾರಾಯ’ ಅನ್ನೋದು ಬಿಟ್ಟು ಬೇರೆ ಮಾತು ಕೇಳಿರಲಿಲ್ಲ. ಇದು ಒಂದಕ್ಕೂ ಇಲ್ಲ ಅನ್ನಲ್ಲ. ಆದ್ರೆ ಎರಡನೇ ಸಲ ಓದುವಾಗ ಅನ್ನಿಸ್ತು, ಇದೇ ಪಟ್ಟಿನ ಬಳ್ಳಾರಿಯವನಿಗೂ ಕೊಡಬಹುದು, ಮಂಡ್ಯದವನಿಗೂ ಕೊಡಬಹುದು. ನಮ್ಮೂರಲ್ಲಿ ಮನೆ ಊಟ ಮನೆಗೆ ತರಿಸ್ಕೊಂಡು ತಿನ್ನೋರು ಎಷ್ಟು ಜನ? ಹೋಮ್‌ಸ್ಟೇ ಜೋಗದ ದಾರೀಲಿ ಆಗಲೇ ಎಷ್ಟಿಲ್ಲ?

ಅದಕ್ಕೇ ಇನ್ನೂ ಬಿಡಿಸಿ ಹೇಳಿದೆ, ನಮ್ಮ ಕಡೆ ಅಡಿಕೆ ತೋಟ ಜಾಸ್ತಿ, ಮನೇಲೂ ಒಂದು ಎಕರೆ ಇದೆ ಅಂತ. ಆಗ ಬಂತು ನೋಡಿ ಅಡಿಕೆ ಹಾಳೆ ತಟ್ಟೆ, ಅಡಿಕೆ ಮರದಿಂದ ಬೀಳೋ ಹಾಳೆನ ಮಷೀನಲ್ಲಿ ಒತ್ತಿ ಮಾಡೋದು. ಪ್ಲಾಸ್ಟಿಕ್‌ಗೆ ಬದಲಿ, ಪರಿಸರಕ್ಕೆ ಒಳ್ಳೇದು, ಅಮೆರಿಕ ಯುರೋಪಲ್ಲಿ ಒಳ್ಳೇ ಬೇಡಿಕೆ, ಒಂದು ತಟ್ಟೆಗೆ ಇಲ್ಲಿ ಇಷ್ಟು ಅಲ್ಲಿ ಇಷ್ಟು, ಜೊತೆಗೆ ಪಿಎಂಎಫ್ಎಂಇ ಅನ್ನೋ ಕೇಂದ್ರ ಸರ್ಕಾರದ ಯೋಜನೇಲಿ ಮಷೀನಿಗೆ ಸಬ್ಸಿಡಿ ಸಿಗತ್ತೆ ಅಂತ ಪೂರ್ತಿ ಲೆಕ್ಕ ಹಾಕಿ ಕೊಡ್ತು. ನಾನು ಹಾಳಾದ ಜೆರಾಕ್ಸ್ ಹಾಳೆ ಹಿಂದೆ ಅದನ್ನೆಲ್ಲ ಬರ್ಕೊಂಡೆ. ತಿಂಗಳಿಗೆ ಇಷ್ಟು ತಟ್ಟೆ, ಖರ್ಚು ಕಳೆದು ಇಷ್ಟು ಉಳಿತಾಯ, ಎರಡು ವರ್ಷಕ್ಕೆ ಸಾಲ ತೀರತ್ತೆ. ಆ ಕಾಗದನ ಮಡಚಿ ಜೇಬಿಗೆ ಹಾಕ್ಕೊಂಡು ಮನೆಗೆ ಹೋಗುವಾಗ ಮಳೆ ಬರ್ತಿದ್ದಿದ್ದೂ ಗೊತ್ತಾಗಲಿಲ್ಲ ನನಗೆ.

ಹೆಂಡತಿ ಎಲ್ಲ ಕೇಳಿಸ್ಕೊಂಡು ಒಂದೇ ಮಾತು ಅಂದ್ಲು. “ರೀ, ಭಾವ ಅದನ್ನೇ ಮಾಡ್ತಿದಾರಲ್ಲ, ಅವರನ್ನ ಒಂದು ಮಾತು ಕೇಳಿ.”

ಅಕ್ಕನ ಮನೆ ಹೊಸನಗರದ ಕಡೆ. ಭಾವ ಆರು ವರ್ಷದಿಂದ ಹಾಳೆ ತಟ್ಟೆ ಯೂನಿಟ್ ಇಟ್ಕೊಂಡಿದಾರೆ, ನಾನು ಇದನ್ನ ಮರೆತಿದ್ದೆ ಅಂತಲ್ಲ, ಆದ್ರೆ ಮೊಬೈಲಲ್ಲಿ ಅಷ್ಟು ಚೆಂದ ಲೆಕ್ಕ ಕಂಡಾಗ ಮನೆಯವರನ್ನ ಕೇಳಬೇಕು ಅಂತ ಹೊಳೀಲೇ ಇಲ್ಲ. ಮರುದಿನ ಬೆಳಿಗ್ಗೆ ರೈನ್‌ಕೋಟ್ ಹಾಕ್ಕೊಂಡು ಬೈಕಲ್ಲಿ ಹೋದೆ. ಶೆಡ್ ಬಾಗಿಲು ತೆಗೆದ್ರು, ಮಷೀನ್ ತಣ್ಣಗೆ ನಿಂತಿತ್ತು. ಗೋಡೆ ಬದಿಗೆ ಹತ್ತು ಇಂಚಿನ ತಟ್ಟೆ ಕಟ್ಟು ಕಟ್ಟು ಪ್ಲಾಸ್ಟಿಕ್ ಸುತ್ತಿ ಇಟ್ಟಿದ್ರು, ಆದ್ರೂ ಕೆಳಗಿನ ಸಾಲಲ್ಲಿ ಬಿಳಿ ಬೂಷ್ಟು ಬಂದಿತ್ತು. ಭಾವ ಒಂದನ್ನ ಎತ್ತಿ ಅಂಗಿ ತುದಿಯಿಂದ ಒರೆಸಿದ್ರು, ಬೂಷ್ಟು ಹೋಯ್ತು ಕಲೆ ಹೋಗಲಿಲ್ಲ. “ಇದು ಇನ್ನು ನಮ್ಮನೆ ಶ್ರಾದ್ಧಕ್ಕೂ ಆಗಲ್ಲ ಮಾರಾಯ” ಅಂದ್ರು.

ಅಮೆರಿಕದ ಕಥೆ ಅವರ ಬಾಯಲ್ಲೇ ಮೊದಲು ಕೇಳಿದ್ದು. 2025ರ ಮೇ ತಿಂಗಳಲ್ಲಿ ಅಲ್ಲಿಯ ಸರ್ಕಾರದವರು ಅಡಿಕೆ ಹಾಳೆಯಿಂದ ಮಾಡಿದ ತಟ್ಟೆ ಬಟ್ಟಲು ಊಟಕ್ಕೆ ಬಳಸೋ ಹಾಗಿಲ್ಲ ಅಂತ ಹೇಳಿಬಿಟ್ಟಿದಾರೆ, ಅಡಿಕೆಯಲ್ಲಿರೋ ಆಲ್ಕಲಾಯ್ಡ್ ಅನ್ನೋ ರಾಸಾಯನಿಕ ಊಟಕ್ಕೆ ಇಳಿಯಬಹುದು ಅನ್ನೋ ಕಾರಣಕ್ಕೆ. ಭಾವ ನೇರ ರಫ್ತು ಮಾಡೋರಲ್ಲ, ತಮಿಳುನಾಡಿನ ಒಬ್ಬ ವ್ಯಾಪಾರಿಗೆ ಕೊಡ್ತಿದ್ರು, ಅವನು ಅಲ್ಲಿಗೆ ಕಳಿಸ್ತಿದ್ದ. ಅವನು ಫೋನ್ ಎತ್ತೋದು ನಿಲ್ಲಿಸಿದಾನೆ. ಲೋಕಲ್ ಮದುವೆ ಮನೆಗೆ ಕೊಡಬಹುದು, ಆದ್ರೆ ಆ ರೇಟಲ್ಲಿ ಹಾಳೆ ಆರಿಸೋ ಕೂಲಿಯೂ ಹುಟ್ಟಲ್ಲ.

ಆಮೇಲೆ ಅವರು ಹೇಳಿದ್ದು ಯಾವ ಆಪೂ ಹೇಳಿರಲಿಲ್ಲ. ಹಾಳೆ ವರ್ಷ ಪೂರ್ತಿ ಬಿದ್ರೂ ಒಳ್ಳೇ ಹಾಳೆ ಸಿಗೋದು ಬೇಸಿಗೇಲಿ, ಬಿದ್ದ ಒಂದೆರಡು ದಿನದಲ್ಲಿ ಆರಿಸಬೇಕು, ಒಂದು ಮಳೆ ಬಿದ್ರೆ ಕಪ್ಪು ಹಿಡಿಯತ್ತೆ, ಒಣಗಿಸಿಟ್ಟು ಮತ್ತೆ ನೀರಲ್ಲಿ ನೆನೆಸಿ ಉಜ್ಜಿ ತೊಳೆದು ಹದ ನೋಡಿ ಡೈಗೆ (ಮಷೀನಿನ ಅಚ್ಚಿಗೆ) ಇಡಬೇಕು, ಹದ ತಪ್ಪಿದ್ರೆ ಅಂಚು ಸೀಳತ್ತೆ. ಅಂದ್ರೆ ಮೂರ್ನಾಲ್ಕು ತಿಂಗಳಲ್ಲಿ ವರ್ಷದ ಹಾಳೆ ದುಡ್ಡು ಕೊಟ್ಟು ಕೊಂಡು ಮಳೆ ತಾಗದ ಹಾಗೆ ಅಟ್ಟದಲ್ಲಿ ತುಂಬಬೇಕು. ನನ್ನ ಎರಡು ಲಕ್ಷ ಅಲ್ಲೇ ಮುಗೀತಿತ್ತು. ಅಡಿಕೆ ಕೊಳೆರೋಗಕ್ಕೆ ಮೈಲುತುತ್ತ, ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ ಹೊಡೆದ ತೋಟದ ಹಾಳೆ ತಗೊಂಡ್ರೆ ಮೈಲುತುತ್ತದ ನೀಲಿ ಕಲೆ ಬೇರೆ.

ಸಬ್ಸಿಡಿನೂ ಹಾಗೇ. ದಾರೀಲೇ ಅಲ್ವಾ ಅಂತ ಈ ಯೋಜನೆ ಕೆಲಸ ಮಾಡೋ ಒಬ್ಬರನ್ನ ವಿಚಾರಿಸಿದೆ. ಪಿಎಂಎಫ್ಎಂಇ ಆಹಾರ ಸಂಸ್ಕರಣೆಗೆ ಮಾತ್ರ, ತಟ್ಟೆಗೆ ಬರಲ್ಲ, ತಟ್ಟೆ ಮಾಡೋದಾದ್ರೆ ಸಣ್ಣ ಉದ್ಯಮಕ್ಕೆ ಕೊಡೋ ಪಿಎಂಇಜಿಪಿ ಸಾಲ ನೋಡಿ ಅಂದ್ರು. ಎರಡೂ ಕೇಂದ್ರದ ಯೋಜನೆ, ಹೆಸರು ಓದೋಕೆ ಒಂದೇ ಥರ, ಆದ್ರೆ ಅದಕ್ಕೆ ಬೇರೆ ನಿಯಮ ಇದಕ್ಕೆ ಬೇರೆ ನಿಯಮ. ಅರ್ಜಿ ಹಾಕಿ ಆರು ತಿಂಗಳು ಓಡಾಡಿದ ಮೇಲೆ ಗೊತ್ತಾಗಿದ್ರೆ ಏನು ಗತಿ?

ಸಂಜೆ ಅಂಗಡಿಗೆ ಬಂದು ಅದೇ ಆಪಿಗೆ ಹೇಳಿದೆ, ಹಾಳೆ ತಟ್ಟೆ ಬೇಡ ಅಂತ ತೀರ್ಮಾನ ಮಾಡಿದೀನಿ. ‘ಬಹಳ ಒಳ್ಳೆಯ ನಿರ್ಧಾರ’ ಅಂತು. ನಿನ್ನೆ ಮಾಡ್ತೀನಿ ಅಂದಾಗಲೂ ಅದೇ ಅಂದಿತ್ತು. ಅಮೆರಿಕದ ವಿಷಯ ಕೇಳಿದ್ರೆ ‘ಹೌದು, ನೀವು ಹೇಳಿದ್ದು ಸರಿ’ ಅಂತು. ನನಗೆ ನಿಜವಾಗಲೂ ಸಿಟ್ಟು ಬಂತು, ಮೊಬೈಲ್ ಮಗುಚಿ ಹಾಕಿ ಕೂತೆ. ಮನುಷ್ಯ ಆಗಿದ್ರೆ ಹೊಗಳೋಕೆ ಮುಂಚೆ ಒಂದು ಸಲ ಯೋಚಿಸ್ತಿದ್ದ. ಎರಡು ಲಕ್ಷ ಅಂದ್ರೆ ನನಗೆ ಎಂಟು ವರ್ಷದ ಉಳಿತಾಯ, ಅದಕ್ಕೆ ಅದು ಬರೀ ಒಂದು ಅಂಕಿ.

ಆ ಸಿಟ್ಟಲ್ಲೇ ರಾತ್ರಿ ಊಟ ಆದ್ಮೇಲೆ ಇನ್ನೊಂದು ಸಲ ತೆಗೆದು ಹೇಳಿದೆ, ನೀನು ಐಡಿಯಾ ಕೊಡಬೇಡ, ಹೊಗಳಲೂಬೇಡ, ನನ್ನ ಅಂಗಡಿ ಬಗ್ಗೆ ನನ್ನನ್ನೇ ಪ್ರಶ್ನೆ ಕೇಳು, ಒಂದೊಂದಾಗಿ ಕೇಳು, ನಾನು ಹೇಳಿದ್ದು ಸರಿ ಅನ್ನಿಸದಿದ್ರೆ ಮತ್ತೆ ಕೇಳು. ಇದು ಹೇಗೆ ಹೊಳೀತೋ ಗೊತ್ತಿಲ್ಲ, ಭಾವ ಬೆಳಿಗ್ಗೆ ನನ್ನನ್ನ ಕೇಳಿದ್ದೂ ಹಾಗೇ ಇತ್ತು, ‘ಹಾಳೆ ಯಾರ ತೋಟದ್ದು ತಗೋತೀಯ, ಮಳೆಗಾಲದಲ್ಲಿ ಎಲ್ಲಿ ಇಡ್ತೀಯ’ ಅಂತ. ಬಹುಶಃ ಅದೇ ತಲೇಲಿ ಕೂತಿರಬೇಕು.

ಆಗ ಬಂದ ಪ್ರಶ್ನೆಗಳು ಬೇರೆ ಥರ ಇದ್ವು. ದಿನಕ್ಕೆ ಎಷ್ಟು ಜನ ಬರ್ತಾರೆ? ಅದರಲ್ಲಿ ವಾಪಸ್ ಬರೋರು ಯಾರು? ನೀವು ದುಡ್ಡು ತಗೊಳ್ಳದೆ ಮಾಡಿಕೊಡೋ ಕೆಲಸ ಯಾವುದು? ಬಂದೋರು ಏನು ಕೇಳಿದಾಗ ನೀವು ಇಲ್ಲ ಅಂದು ಕಳಿಸ್ತೀರಿ?

ಈ ಕೊನೇ ಎರಡು ಪ್ರಶ್ನೆಗೆ ನಾನು ಸುಮಾರು ಹೊತ್ತು ಸುಮ್ಮನೆ ಕೂತೆ. ಹದಿನಾರು ವರ್ಷದಲ್ಲಿ ಯಾರೂ ನನ್ನನ್ನ ಅದನ್ನ ಕೇಳಿರಲಿಲ್ಲ. ಉತ್ತರ ಮಾತ್ರ ಕಣ್ಣೆದುರಿಗೇ ಇತ್ತು. ಸ್ತ್ರೀಶಕ್ತಿ ಸಂಘದ ಹೆಂಗಸರು ಬರ್ತಾರೆ, ಹಲಸಿನ ಹಪ್ಪಳ, ಅಪ್ಪೆಮಿಡಿ (ಪರಿಮಳದ ಎಳೆ ಮಾವಿನಕಾಯಿ) ಉಪ್ಪಿನಕಾಯಿ, ಬಾಳೆಕಾಯಿ ಚಿಪ್ಸ್, ತೊಡೆದೇವು ಅನ್ನೋ ಸಿಹಿತಿಂಡಿ ಮಾಡೋರು. ತಮ್ಮಾ ಒಂದು ಐವತ್ತು ಲೇಬಲ್ ಮಾಡಿಕೊಡು ಅಂತಾರೆ. ಪ್ರೆಸ್ಸಿನವರು ಸಾವಿರಕ್ಕಿಂತ ಕಮ್ಮಿ ಮುಟ್ಟಲ್ಲ. ನಾನು ಹಿಂದೆ ಅಂಟು ಇರೋ ಗಮ್ಮಿಂಗ್ ಶೀಟಲ್ಲಿ ಪ್ರಿಂಟ್ ಹೊಡೆದು ಕತ್ತರಿಸಿ ಬರೀ ಪ್ರಿಂಟಿನ ದುಡ್ಡು ತಗೊಳ್ತೀನಿ, ಡಿಸೈನ್ ಪುಕ್ಕಟೆ. ಎಫ್‌ಎಸ್‌ಎಸ್‌ಎಐ (ತಿನ್ನೋ ಪದಾರ್ಥ ಮಾಡಿ ಮಾರೋರಿಗೆ ಬೇಕಾದ ಸರ್ಕಾರಿ ನೋಂದಣಿ) ನಂಬರ್ ಹೇಗೆ ಮಾಡಿಸೋದು ಅಂತ ಕೇಳಿದ್ರೆ ನನಗೆ ಗೊತ್ತಿಲ್ಲಕ್ಕ ಅಂತ ಕಳಿಸಿದೀನಿ, ಎಷ್ಟು ಸಲ ಕಳಿಸಿದೀನೋ ಲೆಕ್ಕ ಇಲ್ಲ.

ಇದನ್ನ ಹೇಳಿದ ಮೇಲೆ ಆಪ್ ಇನ್ನೂ ಕೇಳ್ತು, ಆ ಲೇಬಲ್ ಎಣ್ಣೆ ತಾಗಿದ್ರೆ ಉಳಿಯತ್ತಾ? ಉಳಿಯಲ್ಲ! ಇಂಕ್‌ಜೆಟ್ ಪ್ರಿಂಟು ಉಪ್ಪಿನಕಾಯಿ ಬಾಟಲಿ ಮೇಲೆ ಎರಡು ದಿನದಲ್ಲಿ ಇಳಿದು ಹೋಗತ್ತೆ, ಲೇಸರ್ ಆದ್ರೆ ಪರವಾಗಿಲ್ಲ, ಕಾಗದದ ಬದಲು ಪ್ಲಾಸ್ಟಿಕ್ ಸ್ಟಿಕ್ಕರ್ ಶೀಟ್ ಆದ್ರೆ ಇನ್ನೂ ಒಳ್ಳೇದು. ಇದು ನನಗೆ ಗೊತ್ತಿರೋ ವಿಷಯ, ನನ್ನ ಕೆಲಸ. ಹಾಳೆ ತಟ್ಟೆಯಲ್ಲಿ ಹಾಗೆ ಒಂದು ವಾಕ್ಯ ಹೇಳೋಕೂ ನನಗೆ ಬರ್ತಿರಲಿಲ್ಲ.

ಮಾರನೇ ವಾರ ಕೆಳದಿ ರಸ್ತೆ ಕಡೆಯ ಒಬ್ಬ ಅಕ್ಕನ್ನ ಕರೆದು ಕೂರಿಸಿಕೊಂಡೆ, ಪ್ರತಿ ವರ್ಷ ರಿಪ್ಪನ್‌ಪೇಟೆಯಿಂದ ಮಿಡಿ ತರಿಸಿ ಉಪ್ಪಿನಕಾಯಿ ಹಾಕೋರು. ಲೇಬಲ್ ಮೇಲೆ ಏನೇನು ಇರಬೇಕು ಅಂತ ಆಪ್ ಹೇಳಿದ್ದನ್ನ ಎಫ್‌ಎಸ್‌ಎಸ್‌ಎಐ ವೆಬ್‌ಸೈಟಲ್ಲೂ ನೋಡಿ ಟಿಕ್ ಹಾಕ್ಕೊಂಡಿದ್ದೆ, ಪದಾರ್ಥದ ಹೆಸರು, ಹಾಕಿದ ಸಾಮಗ್ರಿ, ತೂಕ, ತಯಾರಿಸಿದ ದಿನ, ಎಲ್ಲಿವರೆಗೆ ಬಳಸಬಹುದು, ಬ್ಯಾಚ್ ನಂಬರ್, ಹಸಿರು ಚುಕ್ಕೆ, 14 ಅಂಕಿಯ ನೋಂದಣಿ ನಂಬರ್, ವಿಳಾಸ, ಎಂಆರ್‌ಪಿ. ಸಾಮಗ್ರಿ ಪಟ್ಟಿನೂ ಅದೇ ಬರೆದುಕೊಟ್ಟಿತ್ತು. ಅಕ್ಕ ಕನ್ನಡಕ ಏರಿಸಿ ಓದಿದ್ರು. ಹಸಿ ಮಾವಿನ ಹೋಳು, ಎಣ್ಣೆ, ವಿನಿಗರ್ ಅಂತ ಇತ್ತು.

“ಯಾರು ಬರೆದಿದ್ದು ಇದನ್ನ?” ಅಂದ್ರು.

ನಾನು ಮೊಬೈಲ್ ತೋರಿಸಿದೆ.

“ಅಪ್ಪೆಮಿಡಿಗೆ ವಿನಿಗರ್ ಹಾಕಿದ್ರೆ ಅದು ಅಪ್ಪೆಮಿಡಿನಾ ತಮ್ಮಾ? ಹೋಳು ಮಾಡಿದ್ರೆ ಸೊನೆ ಎಲ್ಲಿ ಉಳೀತು?” ಅಂತ ಕೈಸನ್ನೆಯಲ್ಲೇ ತೋರಿಸಿದ್ರು, ಮಿಡಿನ ತೊಟ್ಟು ಸಮೇತ ಕೊಯ್ಯಬೇಕು, ನೆಲಕ್ಕೆ ಬೀಳಿಸಬಾರದು, ತೊಟ್ಟು ಮುರಿದ್ರೆ ಸೊನೆ ಸೋರತ್ತೆ, ಪರಿಮಳ ಎಲ್ಲ ಆ ಸೊನೇಲೇ ಇರೋದು. ಇಡೀ ಮಿಡಿನೇ ಉಪ್ಪಲ್ಲಿ ಹಾಕಿ ಚಿರುಟಿದ ಮೇಲೆ, ಅದು ಬಿಟ್ಟ ಉಪ್ಪುನೀರಲ್ಲೇ ಸಾಸಿವೆ ಮೆಣಸು ಬೀಸಿ ಕಲಸೋದು. ಜೀರಿಗೆ ವಾಸನೆ ಮಿಡಿಗೆ ಖಾರ ಸ್ವಲ್ಪ ಕಮ್ಮಿ ಹಾಕ್ತಾರಂತೆ, ಇಲ್ಲದಿದ್ರೆ ವಾಸನೆ ಮುಚ್ಚಿ ಹೋಗತ್ತೆ ಅಂತ. ನಾನು ಅವರು ಹೇಳಿದ ಹಾಗೇ ಟೈಪ್ ಮಾಡಿದೆ. ಅವರ ಮಿಡಿಯಲ್ಲಿ ಎಣ್ಣೆಯೂ ಇರಲಿಲ್ಲ, ಅದನ್ನೂ ತೆಗೆದೆ. ಹೊಟ್ಟೆಗೆ ಹೋಗೋ ವಸ್ತು ಮೇಲೆ ಸುಳ್ಳು ಸಾಮಗ್ರಿ ಅಂಟಿಸಿ ಕಳಿಸಿದ್ರೆ ಅದು ಸಣ್ಣ ತಪ್ಪಲ್ಲ, ನಾಳೆ ತಪಾಸಣೆಗೆ ಬಂದ್ರೆ ಉತ್ತರ ಕೊಡಬೇಕಾದೋರು ಆ ಅಕ್ಕ, ಆಪ್ ಅಲ್ಲ. ಅವತ್ತಿಂದ ಸಾಮಗ್ರಿ ಪಟ್ಟಿ ಮಾತ್ರ ಮಾಡೋರ ಬಾಯಿಂದಲೇ ಬರ್ಕೋತೀನಿ.

ಎಫ್‌ಎಸ್‌ಎಸ್‌ಎಐ ನೋಂದಣಿ ಅವರ ಎದುರಿಗೇ ಕೂತು ಮಾಡಿದೆ. ಸಣ್ಣ ಪ್ರಮಾಣದಲ್ಲಿ ಮಾಡೋರಿಗೆ ಆಗ ವರ್ಷಕ್ಕೆ 100 ರೂಪಾಯಿ ಫೀಸು ಇತ್ತು, ಅಷ್ಟೇ. ಇದಕ್ಕೆ ಯಾರೋ ಅವರ ಹತ್ರ ಮೂರು ಸಾವಿರ ಕೇಳಿದ್ರಂತೆ, ಅದಕ್ಕೇ ಇಷ್ಟು ವರ್ಷ ಬಿಟ್ಟಿದ್ರಂತೆ. ಇದನ್ನ ಕೇಳಿ ನನಗೆ ಬೇಜಾರಾಯ್ತು, ನಾನೂ ಗೊತ್ತಿಲ್ಲ ಅಂತ ಕಳಿಸಿದೋನೇ ಅಲ್ವಾ. ನಾನು ಫೀಸಿನ ಮೇಲೆ 200 ರೂಪಾಯಿ ತಗೊಂಡೆ, ಲೇಬಲ್ ಡಿಸೈನಿಗೆ 250, ಮುಂದಿನ ಸಲ ಬರೀ ಪ್ರಿಂಟಿನ ದುಡ್ಡು. ರೇಟ್ ಹೇಳುವಾಗ ಸಂಕೋಚ ಆಯ್ತು, ಇಷ್ಟು ವರ್ಷ ಪುಕ್ಕಟೆ ಮಾಡಿದ ಕೆಲಸ. ಅಕ್ಕ ಚೌಕಾಸಿ ಮಾಡದೆ ಕೊಟ್ರು, ಇನ್ನು ಸೊರಬದ ತಂಗಿ ಮನೆಗೆ ಹೇಳ್ತೀನಿ ಅಂದ್ರು.

ಎರಡು ಲಕ್ಷದಲ್ಲಿ ಹೆಚ್ಚಿನ ಪಾಲು ಹಾಗೇ ಇದೆ. ಖರ್ಚಾಗಿದ್ದು ಒಂದು ಸೆಕೆಂಡ್‌ಹ್ಯಾಂಡ್ ಕಲರ್ ಲೇಸರ್ ಪ್ರಿಂಟರ್ರು, ಎರಡು ಕಟ್ಟು ಸ್ಟಿಕ್ಕರ್ ಶೀಟು, 38 ಸಾವಿರ ಆಯ್ತು. ಡಿಸೆಂಬರ್ ಹೊತ್ತಿಗೆ ಈ ಲೇಬಲ್ ಕೆಲಸಕ್ಕೆ 23 ಜನ ಬಂದಿದ್ರು, ಅದರಲ್ಲಿ ಒಂಬತ್ತು ಜನ ಎರಡನೇ ಸಲ ಬಂದೋರು. ಸಂಸಾರ ಪೂರ್ತಿ ಇದರಲ್ಲೇ ನಡೆಯತ್ತೆ ಅಂತ ಹೇಳಲ್ಲ, ಜೆರಾಕ್ಸ್ ಈಗಲೂ ಬೇಕು. ಆಪನ್ನ ಈಗಲೂ ಬಳಸ್ತೀನಿ, ಇಂಗ್ಲಿಷ್ ಬರೆಸೋಕೆ, ಹೆಸರು ಹುಡುಕೋಕೆ, ಮತ್ತೆ ಏನಾದ್ರೂ ಹೊಸದು ತಲೆಗೆ ಬಂದ್ರೆ ‘ಇದು ಎಲ್ಲೆಲ್ಲಿ ಕೆಡಬಹುದು ಹೇಳು’ ಅಂತ ಕೇಳೋಕೆ. ಅದು ಹೇಳಿದ್ದನ್ನ ಒಂದು ನೋಟ್‌ಬುಕ್ಕಲ್ಲಿ ಬರೆದು ಪಕ್ಕದಲ್ಲಿ ಯಾರನ್ನ ಕೇಳಬೇಕು ಅಂತ ಒಂದು ಹೆಸರು ಬರೀತೀನಿ. ಹಾಳೆಗೆ ಭಾವ, ಮಿಡಿಗೆ ಕೆಳದಿ ರಸ್ತೆ ಅಕ್ಕ, ಸಬ್ಸಿಡಿಗೆ ಆಫೀಸಿನವರು.

2026ರ ಮಾರಿಕಾಂಬಾ ಜಾತ್ರೆಗೆ ಸ್ಟಾಲ್ ಹಾಕೋರು ಮೊದಲೇ ಬರೋಕೆ ಶುರು ಮಾಡಿದ್ರು. ಆವಾಗ ಒಂದು ದಿನ ಭಾವನೂ ಬಂದಿದ್ರು, ಮಿಕ್ಕ ತಟ್ಟೆ ಜಾತ್ರೆ ಚರುಮುರಿ ಅಂಗಡಿಯವರಿಗೆ ಕೊಡ್ತೀನಿ, ಕಟ್ಟಿನ ಮೇಲೆ ಹಾಕೋಕೆ ಒಂದು ಸ್ಟಿಕ್ಕರ್ ಮಾಡಿಕೊಡು ಅಂದ್ರು. ದುಡ್ಡು ಬೇಡ ಅಂದ್ರೂ ಕೇಳಲಿಲ್ಲ, ಟೇಬಲ್ ಮೇಲೆ ಇಟ್ಟೇ ಹೋದ್ರು.