ಕಳೆ ಸಿಕ್ಕಿತೆಂದು ಡ್ರಮ್ಮಿಗೆ ತುಂಬಿದೆ

ಮೈಸೂರು–ಬನ್ನೂರು ರಸ್ತೆ ಕಡೆ ಒಂದು ಸಣ್ಣ ನರ್ಸರಿಯಲ್ಲಿ ಸಸಿ ನೋಡಿಕೊಳ್ಳುವುದು ನನ್ನ ಕೆಲಸ. ಅಲ್ಲಿ ಕಳೆಗೇನೂ ಬರ ಇಲ್ಲ. ಗೋಣಿ ಸೊಪ್ಪು, ಅಣ್ಣೆ ಸೊಪ್ಪು, ಉತ್ತರಾಣಿ, ಗರಿಕೆ ಎಲ್ಲಾ ಇವೆ. ಕಿತ್ತು ಬಿಸಾಕುವ ಬದಲು ಕೊಳೆಸಿ ಗೊಬ್ಬರದ ನೀರು ಮಾಡುತ್ತೇವೆ.

ಮಾಡುವುದು ಸುಲಭ. ಬೀಜ ಕಟ್ಟುವ ಮೊದಲೇ ಕಿತ್ತ ಕಳೆಯನ್ನು ಕತ್ತರಿಸಿ 200 ಲೀಟರ್ ಡ್ರಮ್ಮಿಗೆ ಅರ್ಧದಷ್ಟು ತುಂಬಿ, ನೀರು ಹಾಕಿ, ತೇಲದ ಹಾಗೆ ಮೇಲೊಂದು ಕಲ್ಲು ಇಡಬೇಕು. ಮುಚ್ಚಳ ಬಿಗಿ ಮಾಡಬಾರದು, ಒಳಗೆ ಗ್ಯಾಸ್ ಆಗುತ್ತದೆ. ಎರಡು ದಿನಕ್ಕೊಮ್ಮೆ ಕೋಲಿನಿಂದ ತಿರುವಿದರೆ ಮೂರು ವಾರದಲ್ಲಿ ನೀರು ಕಪ್ಪಾಗುತ್ತದೆ. ವಾಸನೆ ಮಾತ್ರ ಕೇಳಬೇಡಿ, ಆ ದಿನ ಬಸ್ಸಲ್ಲಿ ನನ್ನ ಪಕ್ಕದ ಸೀಟು ಖಾಲಿಯೇ. ಹಳೇ ಬಟ್ಟೆಯಲ್ಲಿ ಸೋಸಿ, ಒಂದು ಮಗ್ಗಿಗೆ ಹತ್ತು ಮಗ್ ನೀರು ಬೆರೆಸಿ ಬುಡಕ್ಕೆ ಹಾಕುವುದು. ಕಳೆ ಮಣ್ಣಿನಿಂದ ಹೀರಿಕೊಂಡಿದ್ದ ಸಾರಜನಕ, ಪೊಟ್ಯಾಷ್ ನೀರಿಗೆ ಇಳಿದಿರುತ್ತದೆ, ಅಷ್ಟೇ. ಇದನ್ನು ಅಮೃತ ಅನ್ನುವವರ ಮಾತು ನಾನು ನಂಬುವುದಿಲ್ಲ.

ಹೋದ ಮಳೆಗಾಲದಲ್ಲಿ ನಮ್ಮ ಕಳೆ ಸಾಲಲಿಲ್ಲ. ಪಕ್ಕದ ಕಬ್ಬಿನ ಗದ್ದೆಯ ಬದುವಿನಲ್ಲಿ ರಾಶಿ ಕಳೆ ಇತ್ತು. ಸ್ವಲ್ಪ ಬಾಡಿದ ಹಾಗಿತ್ತು, ಬಿಸಿಲಿಗೆ ಇರಬೇಕು ಅಂದುಕೊಂಡೆ. ಎರಡು ಹೊರೆ ತಂದು ಡ್ರಮ್ಮಿಗೆ ತುಂಬಿದೆ. ಮೂರು ವಾರ ಕಳೆದ ಮೇಲೆ ಟೊಮ್ಯಾಟೊ ಸಸಿಗಳಿಗೆ ಹಾಕಿದೆ.

ಐದನೇ ದಿನಕ್ಕೆ ಸುಳಿಯೆಲ್ಲ ಮುದುಡಿಕೊಂಡಿತ್ತು, ಕಾಂಡ ಹಗ್ಗ ಹೊಸೆದ ಹಾಗೆ ತಿರುಚಿತ್ತು. ಬಿಳಿ ನೊಣ ಹರಡುವ ಎಲೆ ಮುಟುರು ರೋಗ ಇರಬೇಕು ಅಂತ ಆ ನೊಣ ಹುಡುಕುತ್ತಾ ಕೂತೆ. ಆದರೆ ರೋಗ ಅಲ್ಲೊಂದು ಇಲ್ಲೊಂದು ಗಿಡದಲ್ಲಿ ಶುರುವಾಗುತ್ತದೆ. ಇಲ್ಲಿ ನೀರು ಹಾಕಿದ ಟ್ರೇಗಳೆಲ್ಲ ಒಂದೇ ದಿನ ಕೆಟ್ಟಿದ್ದವು, ಹಾಕದ ಟ್ರೇಗಳು ಚೆನ್ನಾಗಿದ್ದವು. ಅದೇ ನೀರು ಕುಡಿದ ಲಾನ್ ಹುಲ್ಲು ಮಾತ್ರ ಹಸಿರಾಗೇ ಇತ್ತು!

ಕಳೆ ಕೀಳಲು ಬರುವ ಅಜ್ಜಿ ನೋಡಿ, "ಬದಿನ್ ಕಳೆಗೆ ಔಸ್ದಿ ಹೊಡ್ದಿದ್ರು ಕಣ್ ಮಗಾ, ಕೇಳ್ಬಾರ್ದಿತ್ತಾ?" ಅಂದಿತು.

2,4-ಡಿ ಇರಬೇಕು. ಕಬ್ಬಿಗೂ ಭತ್ತಕ್ಕೂ ಹೊಡೆಯುವ ಕಳೆನಾಶಕ ಅದು. ಅಗಲ ಎಲೆಯ ಗಿಡವನ್ನು ತಿರುಚಿ ಸಾಯಿಸುತ್ತದೆ, ಹುಲ್ಲಿನ ಜಾತಿಯನ್ನು ಬಿಟ್ಟುಬಿಡುತ್ತದೆ. ಟೊಮ್ಯಾಟೊ ಅದರ ಸ್ವಲ್ಪ ಅಂಶವನ್ನೂ ತಡೆಯುವುದಿಲ್ಲ. ಮೂರು ವಾರ ಕೊಳೆತರೂ ಅದು ಪೂರ್ತಿ ಹೋಗಿರಲಿಲ್ಲ. ಯಜಮಾನರು ಬೈಯಲಿಲ್ಲ. ಸುಮ್ನೆ ಖಾಲಿ ಟ್ರೇಗಳನ್ನು ಎಣಿಸಿದರು, ಅದೇ ಜಾಸ್ತಿ ಆಯಿತು.

ಈಗ ಹೊಸ ಡ್ರಮ್ ತೆರೆದಾಗಲೆಲ್ಲ ಮೊದಲು ಎರಡು ಕುಂಡದಲ್ಲಿ ಹುರುಳಿಕಾಯಿ ಬೀಜ ಹಾಕುತ್ತೇನೆ. ಒಂದಕ್ಕೆ ಈ ನೀರು, ಇನ್ನೊಂದಕ್ಕೆ ಬರೀ ನೀರು. ಎರಡು ವಾರ ಎರಡೂ ಒಂದೇ ತರ ಬೆಳೆದರೆ ಮಾತ್ರ ಸಸಿಗೆ. ಗದ್ದೆಯವರು ಈಗಲೂ ಕರೆಯುತ್ತಾರೆ, "ಈ ಸಲ ಏನೂ ಹೊಡ್ದಿಲ್ಲ ಕಣಪ್ಪಾ, ತಗೊಂಡ್ಹೋಗು" ಅಂತ. ತರುತ್ತೇನೆ. ಹುರುಳಿಕಾಯಿ ಬೀಜವನ್ನೂ ಹಾಕುತ್ತೇನೆ.