ಎನ್‌ಕ್ಲೆಕ್ಸ್‌ಗೆ ಮುಂಚಿನ ದಿಗಿಲು: ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

“ಅಕ್ಕಾ, ಪರೀಕ್ಷೆಯ ದಿನ ಹತ್ತಿರ ಬಂದಂತೆಲ್ಲ ಓದಿದ್ದು ಮರೆತುಹೋದ ಹಾಗಾಗುತ್ತದೆ, ರಾತ್ರಿ ನಿದ್ದೆ ಬರುವುದಿಲ್ಲ. ನೀವು ಹೇಗೆ ನಿಭಾಯಿಸಿದಿರಿ?” ಬೆಂಗಳೂರು, ಮಂಗಳೂರು, ಕಲಬುರಗಿ ಕಡೆಯ ನರ್ಸಿಂಗ್ ಕಾಲೇಜುಗಳಲ್ಲಿ ಓದಿ, ಅಮೆರಿಕದಲ್ಲಿ ಕೆಲಸ ಮಾಡಲು ಎನ್‌ಕ್ಲೆಕ್ಸ್ ಎಂಬ ಪರವಾನಗಿ ಪರೀಕ್ಷೆಗೆ ಹೆಸರು ನೋಂದಾಯಿಸಿದ ಕಿರಿಯರು ನನ್ನನ್ನು ಕೇಳುವುದು ಹೆಚ್ಚುಕಡಿಮೆ ಇದೇ ಮಾತನ್ನು. “ಧೈರ್ಯವಾಗಿರು” ಎಂದು ಹೇಳಿ ಕಳಿಸುವುದು ಸುಲಭ. ಆದರೆ ಆ ಮಾತಿನಿಂದ ಯಾರ ಕೈ ನಡುಕವೂ ನಿಂತದ್ದನ್ನು ನಾನು ಕಂಡಿಲ್ಲ. ನನ್ನ ಅನುಭವದಲ್ಲಿ, ಈ ಭಯದ ದೊಡ್ಡ ಪಾಲು ಹುಟ್ಟುವುದು ಓದು ಸಾಲದ್ದರಿಂದಲ್ಲ, ಪರೀಕ್ಷೆ ನಮ್ಮನ್ನು ಅಳೆಯುವ ಬಗೆ ತಿಳಿಯದೆ ಇರುವುದರಿಂದ.

ನಾವು ಬರೆದು ಬಂದ ಪರೀಕ್ಷೆಗಳು ಬೇರೆ. ಹತ್ತು ಅಂಕದ ದೀರ್ಘ ಉತ್ತರ, ಚಿತ್ರ, ಪುಟ ತುಂಬಿಸಿದ ಸಮಾಧಾನ. ಹೊರಗೆ ಬರುವಾಗಲೇ ಎಷ್ಟು ಬರಬಹುದೆಂಬ ಲೆಕ್ಕ ಮನಸ್ಸಿನಲ್ಲಿ ಇರುತ್ತಿತ್ತು. ಎನ್‌ಕ್ಲೆಕ್ಸ್‌ನಲ್ಲಿ ಆ ಲೆಕ್ಕ ನಡೆಯುವುದಿಲ್ಲ. ನಿಮ್ಮ ಉತ್ತರ ಸರಿಯಾದರೆ ಕಂಪ್ಯೂಟರ್ ಮುಂದೆ ತುಸು ಕಠಿಣ ಪ್ರಶ್ನೆ ಕೊಡುತ್ತದೆ, ತಪ್ಪಾದರೆ ತುಸು ಸುಲಭದ್ದನ್ನು. ಹೀಗೆ ಏರಿಳಿಯುತ್ತ ಅದು ನೀವು ಅರ್ಧ ಸರಿ, ಅರ್ಧ ತಪ್ಪು ಮಾಡುವ ಮಟ್ಟಕ್ಕೆ ಬಂದು ನಿಲ್ಲಲು ನೋಡುತ್ತದೆ. ಹಾಗಾಗಿ ಚೆನ್ನಾಗಿ ಪಾಸಾಗುವವಳಿಗೂ ಪರೀಕ್ಷೆಯುದ್ದಕ್ಕೂ “ನನಗೆ ಏನೂ ಬರುತ್ತಿಲ್ಲ” ಎನ್ನಿಸುವುದು ಸಹಜ. ಆ ಅನಿಸಿಕೆ ನಿಮ್ಮ ಕೊರತೆಯ ಗುರುತಲ್ಲ, ಆ ವಿಧಾನದಿಂದಲೇ ಬರುವಂಥದ್ದು. ಇದನ್ನು ಮೊದಲೇ ಮನಸ್ಸಿಗೆ ತಂದುಕೊಂಡು ಕುಳಿತವಳಿಗೂ ಅಲ್ಲಿ ಹೋದ ಮೇಲೆ ಎದುರಿಸಿದವಳಿಗೂ ಇರುವ ಅಂತರ ಬಹಳ ದೊಡ್ಡದು.

2023ರ ಏಪ್ರಿಲ್‌ನಲ್ಲಿ ಹೊಸ ಮಾದರಿ ಬಂದ ಮೇಲೆ ಕನಿಷ್ಠ 85, ಗರಿಷ್ಠ 150 ಪ್ರಶ್ನೆಗಳು, ಒಟ್ಟು ಐದು ಗಂಟೆ. ಅದರಲ್ಲಿ 15 ಪ್ರಶ್ನೆಗಳು ಅಂಕಕ್ಕೆ ಸೇರುವುದಿಲ್ಲ, ಆದರೆ ಅವು ಯಾವುವೆಂದು ನಮಗೆ ಗೊತ್ತಾಗುವುದಿಲ್ಲ. ನೀವು ತೇರ್ಗಡೆಯ ಗೆರೆಗಿಂತ ಮೇಲಿದ್ದೀರೋ ಕೆಳಗಿದ್ದೀರೋ ಎಂಬುದು ಶೇ. 95ರಷ್ಟು ಖಚಿತವಾದಾಗ ಕಂಪ್ಯೂಟರ್ ನಿಲ್ಲುತ್ತದೆ. 85ಕ್ಕೇ ನಿಂತರೆ ಪಾಸು, ಮುಂದುವರಿದರೆ ಫೇಲು ಎಂಬ ಮಾತು ಹಾಸ್ಟೆಲುಗಳಲ್ಲಿ ಓಡಾಡುತ್ತದೆ, ಅದು ಸುಳ್ಳು. ನನಗೆ 86ನೇ ಪ್ರಶ್ನೆ ಪರದೆಯ ಮೇಲೆ ಬಂದ ಕ್ಷಣ ಹೊಟ್ಟೆಯೊಳಗೆ ಏನೋ ಜಾರಿದಂತಾಯಿತು. ರೋಗಿಯ ಎದೆಗೆ ಹಾಕಿದ ಕೊಳವೆಗೆ (ಚೆಸ್ಟ್ ಟ್ಯೂಬ್) ಸಂಬಂಧಿಸಿದ ಪ್ರಶ್ನೆ, ನಾಲ್ಕು ಸಾಲು. ಮೂರು ಬಾರಿ ಓದಿದರೂ ಒಂದು ಪದವೂ ಒಳಗೆ ಇಳಿಯಲಿಲ್ಲ. ಆಗ ನನಗೆ ನಾನೇ ಹೇಳಿಕೊಂಡದ್ದು ಇಷ್ಟೇ: ಅದು ಇನ್ನೂ ತೀರ್ಮಾನಿಸಿಲ್ಲ, ಆದ್ದರಿಂದಲೇ ಕೇಳುತ್ತಿದೆ. ನಾಲ್ಕನೆಯ ಸಲ ಓದಿದಾಗ ರೋಗಿ ಕಾಣಿಸಿದ.

ಎರಡನೆಯ ಭಯ ಇದಕ್ಕಿಂತ ಆಳದ್ದು, ನಮ್ಮವರಿಗೆ ವಿಶೇಷವಾದದ್ದು. “ಈ ನಾಲ್ವರು ರೋಗಿಗಳಲ್ಲಿ ಮೊದಲು ಯಾರ ಬಳಿ ಹೋಗುತ್ತೀರಿ?” ಎಂದು ಪರೀಕ್ಷೆ ಕೇಳುತ್ತದೆ. ಡಾಕ್ಟರ ಆರ್ಡರ್ ಬರುವ ತನಕ ಕಾಯುವುದನ್ನೇ ರೂಢಿ ಮಾಡಿಕೊಂಡ ನಮಗೆ, ನಿರ್ಧಾರ ನಮ್ಮದೇ ಆಗಬೇಕೆಂದಾಗ ಕೈ ತಡೆಯುತ್ತದೆ. ಆದರೆ ನಲವತ್ತು ಹಾಸಿಗೆಯ ವಾರ್ಡಿನಲ್ಲಿ ರಾತ್ರಿ ಪಾಳಿ ಮಾಡಿದವರು ಈ ನಿರ್ಧಾರವನ್ನು ಎಷ್ಟೋ ಸಲ ಮಾಡಿದ್ದಾರೆ. ಡ್ರಿಪ್ ಮುಗಿದವರು, ನೋವಿಗೆ ಕೂಗುವವರು, ಸದ್ದಿಲ್ಲದೆ ಏದುಸಿರು ಬಿಡುತ್ತಿರುವವರು ಒಟ್ಟಿಗೇ ಇದ್ದಾಗ ಅವರ ಕಾಲು ಸದ್ದಿಲ್ಲದವನ ಕಡೆಗೇ ಮೊದಲು ನಡೆದಿರುತ್ತದೆ. ಅಭ್ಯಾಸದ ಪ್ರಶ್ನೆ ತಪ್ಪಾದಾಗ ಸರಿ ಉತ್ತರವನ್ನು ಗಟ್ಟು ಹೊಡೆಯುವ ಬದಲು, ಪಾಳಿ ಬದಲಾಗುವಾಗ ಹ್ಯಾಂಡೋವರ್ ಕೊಡುವಂತೆ ಆ ರೋಗಿಯ ಸ್ಥಿತಿಯನ್ನು ಬಾಯಿಬಿಟ್ಟು ಹೇಳಿಕೊಳ್ಳಿ. ಯಾಕೆ ಅವನೇ ಮೊದಲು ಎಂಬುದು ಹೇಳುವಷ್ಟರಲ್ಲೇ ತಿಳಿಯುತ್ತದೆ.

ದೇಹಕ್ಕೂ ತಾಲೀಮು ಬೇಕು. ಕೊನೆಯ ಮೂರು ವಾರ, ವಾರಕ್ಕೆರಡು ಸಲ, ನಿಮ್ಮ ಪರೀಕ್ಷೆ ಎಷ್ಟು ಗಂಟೆಗಿದೆಯೋ ಅದೇ ಹೊತ್ತಿಗೆ, ಫೋನನ್ನು ಬೇರೆ ಕೋಣೆಯಲ್ಲಿಟ್ಟು, ಏಳದೆ 85 ಪ್ರಶ್ನೆ ಬಿಡಿಸಿ. ರಾತ್ರಿ ಪಾಳಿ ಇರುವವರು ಕನಿಷ್ಠ ಕೊನೆಯ ವಾರಕ್ಕಾದರೂ ಪಾಳಿ ಬದಲಿಸಿಕೊಳ್ಳಬೇಕು. ಸಂಬಳ ಕಡಿತವಾದರೂ ಸರಿ ಎಂಬುದು ನನ್ನ ಗಟ್ಟಿಯಾದ ಅಭಿಪ್ರಾಯ.

ದಾಖಲೆಯ ವಿಷಯವನ್ನು ಇಲ್ಲಿ ಹೇಳಲೇಬೇಕು, ಏಕೆಂದರೆ ನಮ್ಮ ಇನಿಷಿಯಲ್‌ಗಳು ಎಷ್ಟೋ ಜನರ ನಿದ್ದೆ ಕೆಡಿಸಿವೆ. ಅಂಕಪಟ್ಟಿಯಲ್ಲಿ ಹೆಸರಿನ ಮುಂದೆ ಎರಡು ಅಕ್ಷರ, ಪಾಸ್‌ಪೋರ್ಟಿನಲ್ಲಿ ಅವೇ ಬಿಡಿಸಿ ಬರೆದ ಊರು ಮತ್ತು ತಂದೆಯ ಹೆಸರು. ಪರೀಕ್ಷೆಗೆ ನೋಂದಾಯಿಸಿದ ಹೆಸರು ಪಾಸ್‌ಪೋರ್ಟಿನದಕ್ಕೆ ಹೊಂದಲೇಬೇಕು. ನನಗೆ ಗೊತ್ತಿರುವ ಹುಡುಗಿಯೊಬ್ಬಳು ಇದನ್ನು ಗಮನಿಸಿದ್ದು ಪರೀಕ್ಷೆಗೆ ಕೆಲವೇ ದಿನ ಉಳಿದಾಗ; ಓದಬೇಕಾದ ದಿನಗಳು ಫೋನು, ಇಮೇಲುಗಳಲ್ಲೇ ಕಳೆದುಹೋದವು. ನೋಂದಾಯಿಸುವಾಗಲೇ ಎರಡನ್ನೂ ಪಕ್ಕದಲ್ಲಿಟ್ಟು ಅಕ್ಷರ ಅಕ್ಷರ ನೋಡಿ.

ಬೆಂಗಳೂರಿನಲ್ಲೇ ಕೇಂದ್ರ ಇರುವುದರಿಂದ ದೂರದ ಊರಿನವರು ಹಿಂದಿನ ದಿನವೇ ಬಂದು ಉಳಿಯುವುದು ಒಳ್ಳೆಯದು. ಒಳಗೆ ಗಡಿಯಾರ, ಫೋನು ತೆಗೆದಿಡಬೇಕು. ಅಂಗೈಯ ನಾಳಗಳನ್ನು ಸ್ಕ್ಯಾನ್ ಮಾಡುತ್ತಾರೆ. ನನ್ನ ಅಂಗೈ ತಣ್ಣಗೆ ಬೆವೆತಿತ್ತು, ದುಪಟ್ಟಾಗೆ ಒರೆಸಿ ಮತ್ತೆ ಇಟ್ಟೆ. ಕಾಯುವಾಗ ಮಾಡಿದ ಒಂದು ಕೆಲಸ ನನ್ನನ್ನು ಉಳಿಸಿತು. ಗೋಡೆಯ ಗಡಿಯಾರ ನೋಡುತ್ತ, ರೋಗಿಗೆ ಎಣಿಸುವ ಹಾಗೆ, ಒಂದು ನಿಮಿಷ ನನ್ನದೇ ಉಸಿರು ಎಣಿಸಿದೆ. 26 ಇತ್ತು. ವಯಸ್ಕರಿಗೆ 12ರಿಂದ 20 ಸಹಜವೆಂದು ಎಷ್ಟು ಸಲ ಚಾರ್ಟಿನಲ್ಲಿ ಬರೆದಿಲ್ಲ! ಒಳಗೆ ಎಳೆದದ್ದಕ್ಕಿಂತ ಹೆಚ್ಚು ಹೊತ್ತು ಹೊರಗೆ ಬಿಡುತ್ತ ಮತ್ತೆ ಎಣಿಸಿದಾಗ 16ಕ್ಕೆ ಇಳಿದಿತ್ತು.

ಒಂದು ಎಚ್ಚರಿಕೆ. ಎದೆಬಡಿತ ತಗ್ಗಿಸಲೆಂದು ಗೆಳತಿ ಕೊಟ್ಟ ಪ್ರೊಪ್ರನೊಲಾಲ್ ಮಾತ್ರೆಯನ್ನು ಪರೀಕ್ಷೆಯ ದಿನವೇ ಮೊದಲ ಬಾರಿಗೆ ನುಂಗಬೇಡಿ. ಆಸ್ತಮಾ ಇರುವವರಿಗೆ ಅದು ಅಪಾಯ ಎಂಬುದನ್ನು ನಾವೇ ಓದಿದ್ದೇವೆ. ವಾರಗಟ್ಟಲೆ ನಿದ್ದೆ ಊಟ ಬಿಟ್ಟುಹೋಗಿದ್ದರೆ ವೈದ್ಯರನ್ನು ಕಾಣಿ, ಇಲ್ಲವೇ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ. ಅಲ್ಲಿ ಕನ್ನಡದಲ್ಲೇ ಮಾತನಾಡಬಹುದು.

ಉಳಿದದ್ದು ಮನೆಯವರ ವಿಷಯ. ಪರೀಕ್ಷೆಗೆ 200 ಡಾಲರ್, ಅಮೆರಿಕದ ಹೊರಗೆ, ಅಂದರೆ ಇಲ್ಲೇ ಬರೆಯುವುದಕ್ಕೆ ಮತ್ತೆ 150. ಆ ದುಡ್ಡಿನ ಹಿಂದೆ ಹಲವು ಮನೆಗಳಲ್ಲಿ ಸಾಲವೋ ಒಡವೆಯೋ ಇರುತ್ತದೆ. ಫೇಲಾದರೆ ಎಲ್ಲ ಮುಗಿಯಿತೆಂದು ಅವರು ತಿಳಿದಿರುವ ತನಕ ನಿಮಗೂ ನೆಮ್ಮದಿ ಇರುವುದಿಲ್ಲ. ಆದ್ದರಿಂದ 45 ದಿನ ಕಳೆದ ಮೇಲೆ ಮತ್ತೆ ಬರೆಯಲು ಅವಕಾಶ ಇದೆ ಎಂಬುದನ್ನು ಪರೀಕ್ಷೆಗೆ ಮೊದಲೇ ಅವರಿಗೆ ಹೇಳಿಬಿಡಿ. ನಾನು ಹೇಳಿದ ದಿನ ಅಪ್ಪ ಏನೂ ಮಾತನಾಡದೆ ಎದ್ದು ಹೋಗಿ, ಗೋಡೆಯ ಕ್ಯಾಲೆಂಡರಿನಲ್ಲಿ ಪರೀಕ್ಷೆಯ ದಿನದಿಂದ ಎಣಿಸಿ, 45ನೆಯ ದಿನಕ್ಕೆ ಪೆನ್ಸಿಲಿನಿಂದ ಸಣ್ಣದೊಂದು ಗುರುತು ಹಾಕಿಟ್ಟರು. ಅಂದು ರಾತ್ರಿ ನನಗೆ ನಿದ್ದೆ ಬಂತು.